ಹಾಡು ಹಿಡಿದಿಟ್ಟ ತುಕ್ಕು

ನಮ್ಮ ನೀಲಗಿರಿಯಲ್ಲಿ ಮಳೆಗಾಲ ಮುಗಿದ ಮೇಲೆ ಬೀರು ಖಾಲಿ ಮಾಡಿ ಎಲ್ಲವನ್ನೂ ಬಿಸಿಲಿಗೆ ಹರಡುವುದು ರೂಢಿ. ಈ ಸಲ ಶಾಲೆಯ ಬೀರುವಿನ ಕೆಳಖಾನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಹತ್ತು ಕ್ಯಾಸೆಟ್ಟುಗಳು ಸಿಕ್ಕವು. ಹಳೆಯ ವಾರ್ಷಿಕೋತ್ಸವದ ಹಾಡುಗಳು, ಒಂದರಲ್ಲಿ ಬಡಗ ಅಜ್ಜಿಯೊಬ್ಬರ ಪದಗಳು. ಅಜ್ಜಿ ಈಗಿಲ್ಲ. "ಸಾರ್, ಈ ಕಂದು ಪಟ್ಟಿಯಲ್ಲಿ ಹಾಡು ಎಲ್ಲಿರ್ತದೆ?" ಎಂದು ಏಳನೇ ತರಗತಿಯ ಹುಡುಗಿ ಕೇಳಿದಳು. ತುಕ್ಕಿನಲ್ಲಿ ಎಂದೆವು. ಮಕ್ಕಳು ನಕ್ಕರು.

ಆದರೆ ಅದು ತಮಾಷೆಯ ಮಾತಲ್ಲ. ಪಟ್ಟಿಗೆ ಬಳಿದ ಪುಡಿ ಕಬ್ಬಿಣದ ಆಕ್ಸೈಡ್. ಕೆಂಪು ಹೆಮಟೈಟ್‌ನಲ್ಲೂ ಇದರಲ್ಲೂ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ, ಲೆಕ್ಕ ಒಂದೇ. ಪರಮಾಣುಗಳು ಕುಳಿತ ರೀತಿ ಮಾತ್ರ ಬೇರೆ. ಹೆಮಟೈಟ್ ಅಯಸ್ಕಾಂತಕ್ಕೆ ಕ್ಯಾರೇ ಎನ್ನುವುದಿಲ್ಲ. ಗಾಮಾ ಫೆರಿಕ್ ಆಕ್ಸೈಡ್ ಎಂಬ ಈ ಕಂದು ಪುಡಿ ಓಡಿ ಬಂದು ಅಂಟುತ್ತದೆ!

ಇದರ ಚರಿತ್ರೆ ಸಿಗರೇಟಿನಿಂದ ಶುರುವಾಗುತ್ತದೆ ಎಂದರೆ ನಂಬುತ್ತೀರಾ? ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದ ಎಂಜಿನಿಯರ್ ಫ್ರಿಟ್ಸ್ ಫ್ಲಾಯ್ಮರ್ ಸಿಗರೇಟಿನ ಕಾಗದಕ್ಕೆ ಕಂಚಿನ ಪಟ್ಟೆ ಹಚ್ಚುವ ವಿಧಾನ ಕಂಡುಹಿಡಿದಿದ್ದರು. ಅದೇ ಉಪಾಯದಿಂದ ಕಾಗದಕ್ಕೆ ಕಬ್ಬಿಣದ ಪುಡಿ ಅಂಟಿಸಿ ಧ್ವನಿ ಮುದ್ರಿಸಿದರು. 1928ರಲ್ಲಿ ಪೇಟೆಂಟ್. ಕಾಗದ ಹರಿಯುತ್ತಿತ್ತು, ಪಾಪ. ಮುಂದೆ ಎಇಜಿ ಮತ್ತು ಬಿಎಎಸ್‌ಎಫ್ ಕಂಪನಿಗಳು ಪ್ಲಾಸ್ಟಿಕ್ ಪಟ್ಟಿ ತಂದು 1935ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿಟ್ಟವು. ಕಬ್ಬಿಣದ ಪುಡಿ ಹೋಗಿ ಮ್ಯಾಗ್ನಟೈಟ್, ಆಮೇಲೆ ಗಾಮಾ ಆಕ್ಸೈಡ್ ಬಂತು. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್.

ಪುಡಿ ಮಾಡುವುದು ಮಾತ್ರ ಸುಲಭವಲ್ಲ. ಕಬ್ಬಿಣದ ಲವಣದಿಂದ ಮೊದಲು ಗೋಥೈಟ್ ಎಂಬ ಹಳದಿ ಸೂಜಿಗಳನ್ನು ಬೆಳೆಸಬೇಕು. ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಕಾಯಿಸಿ ನೀರು ತೆಗೆದರೆ ಕೆಂಪು. ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಕಪ್ಪು ಮ್ಯಾಗ್ನಟೈಟ್. ಮತ್ತೆ ಗಾಳಿಯಲ್ಲಿ ಹದವಾಗಿ ಕಾಯಿಸಿದರೆ ಕಂದು. ಉರಿ ಹೆಚ್ಚಾದರೆ ಪುನಃ ಹೆಮಟೈಟ್ ಆಗಿ ಎಲ್ಲಾ ವ್ಯರ್ಥ! ಇಷ್ಟಾದರೂ ಸೂಜಿಯ ಆಕಾರ ಕೆಡಬಾರದು. ಆ ಉದ್ದನೆಯ ಆಕಾರವೇ ಅಯಸ್ಕಾಂತದ ದಿಕ್ಕನ್ನು ಹಿಡಿದಿಡುವುದು.

ಇಲ್ಲಿ ನಮ್ಮ ಬೆಂಗಳೂರು ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಸಿ. ಪಾಟೀಲರು ರಾಕೆಟ್ ಇಂಧನವಾದ ಹೈಡ್ರಜೀನ್ ಬಗ್ಗೆ ಕೆಲಸ ಮಾಡಿದವರು. ಕಬ್ಬಿಣದ ಲವಣಕ್ಕೆ ಹೈಡ್ರಜೀನ್ ಸೇರಿಸಿಟ್ಟರೆ ಇಂಧನ ಒಳಗೇ ಇದ್ದಂತೆ. ಸ್ವಲ್ಪ ಬಿಸಿ ತಾಗಿದರೆ ತಾನೇ ಉರಿದು ನುಣ್ಣನೆ ಆಕ್ಸೈಡ್ ಉಳಿಯುತ್ತದೆ. ಹೀಗೆ ಒಂದೇ ಹಂತದಲ್ಲಿ ಗಾಮಾ ಆಕ್ಸೈಡ್ ಮಾಡುವ ವಿಧಾನವನ್ನು ಪಿ. ರವೀಂದ್ರನಾಥನ್ ಜೊತೆ 1986ರಲ್ಲಿ ಪ್ರಕಟಿಸಿದರು. ನ್ಯಾನೋ ಎಂಬ ಮಾತು ಪತ್ರಿಕೆಗಳಿಗೆ ಬರುವ ಮುಂಚಿನ ಕಾಲ ಅದು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಪುಟ ಇರಬೇಕಿತ್ತು ಅಂತ ನಮಗೆ ಅನಿಸುತ್ತದೆ.

ಹಾಗಾದರೆ ಕಣ ಚಿಕ್ಕದಾದಷ್ಟೂ ಒಳ್ಳೆಯದೇ? ಅಲ್ಲ. ಸುಮಾರು 20 ನ್ಯಾನೋಮೀಟರಿಗಿಂತ ಕಿರಿದಾದರೆ ಕೋಣೆಯ ಸಾಮಾನ್ಯ ಶಾಖವೇ ಅದರ ದಿಕ್ಕನ್ನು ತಿರುಗಿಸಿಬಿಡುತ್ತದೆ. ನೆನಪೇ ನಿಲ್ಲದು. ಫ್ರಾನ್ಸಿನ ಲೂಯಿ ನೀಲ್ 1949ರಲ್ಲಿ ಇದನ್ನು ವಿವರಿಸಿದರು. ಹಾಡಿಗೆ ಬಾರದ ಈ ಮರೆವು ಬೇರೆ ಕಡೆ ಉಪಕಾರಿ. ಅಯಸ್ಕಾಂತ ತೆಗೆದ ಕೂಡಲೇ ಕಣಗಳು ಒಂದನ್ನೊಂದು ಹಿಡಿದುಕೊಂಡು ಗಂಟಾಗುವುದಿಲ್ಲ. ಆದ್ದರಿಂದಲೇ ಎಂಆರ್‌ಐ ಚಿತ್ರ ಸ್ಪಷ್ಟವಾಗಲು ಇಂಥ ಕಣಗಳನ್ನು ರಕ್ತಕ್ಕೆ ಕೊಟ್ಟದ್ದುಂಟು.

ಇನ್ನು ನಮ್ಮ ತಪ್ಪು ಹೇಳಬೇಕು. ಮಕ್ಕಳಿಗೆ ತೋರಿಸುವ ಉತ್ಸಾಹದಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟಿನಿಂದ ಒಂದು ಗೇಣು ಪಟ್ಟಿ ಎಳೆದು ಲ್ಯಾಬಿನ ಅಯಸ್ಕಾಂತ ಹಿಡಿದೆವು. ಪಟ್ಟಿ ಬಂದು ಅಂಟಿತು, ಚಪ್ಪಾಳೆ ಬಿತ್ತು. ಅದು ಅಜ್ಜಿಯ ಕ್ಯಾಸೆಟ್ಟು! ಸಂಜೆ ಹಾಕಿ ಕೇಳಿದರೆ ಎರಡನೇ ಪದದ ನಡುವೆ ಮೂರ್ನಾಲ್ಕು ಸೆಕೆಂಡು ಬರೀ ಸೊಯ್ಯೆಂಬ ಸದ್ದು.

ಉಳಿದದ್ದನ್ನು ಮೊಬೈಲಿಗೆ ಇಳಿಸಿಕೊಂಡಿದ್ದೇವೆ. ಆಕ್ಸೈಡ್ ಗಟ್ಟಿಯೇ, ನಮ್ಮ ಮಂಜಿನ ತೇವಕ್ಕೆ ಸೋಲುವುದು ಅದನ್ನು ಅಂಟಿಸಿದ ಗೋಂದು. ಇನ್ನೂ ಒಂಬತ್ತು ಕ್ಯಾಸೆಟ್ಟು ಬಾಕಿ ಇವೆ. ಎರಡರಲ್ಲಿ ಬೂಷ್ಟು ಹಿಡಿದಿದೆ. ಅವನ್ನು ಬಿಸಿಲಿಗೆ ಇಡದೆ ನೆರಳಲ್ಲಿ ಆರಲು ಬಿಟ್ಟಿದ್ದೇವೆ.