ಛಲ ಬಿಡದ ತ್ರಿವಿಕ್ರಮನ ಪದ

ಸಂಸ್ಕೃತದಲ್ಲಿ ‘ಛಲ’ ಎಂದರೆ ಮೋಸ, ಕಪಟ. ಹಿಂದಿಯಲ್ಲಿ ಇಂದಿಗೂ ಅದೇ ಅರ್ಥ. ಗೌತಮನ ನ್ಯಾಯಸೂತ್ರ ಹೇಳುವ 16 ಪದಾರ್ಥಗಳಲ್ಲಿ ಛಲವೂ ಒಂದು. ಎದುರಾಳಿಯ ಮಾತನ್ನು ಬೇಕೆಂದೇ ತಿರುಚುವ ವಾದಕ್ಕೆ ಅಲ್ಲಿ ಆ ಹೆಸರು. ಒಬ್ಬ ಹೊಸ ಕಂಬಳಿಯನ್ನು ‘ನವಕಂಬಳಿ’ ಎಂದರೆ, ‘ಒಂಬತ್ತು ಎಲ್ಲಿವೆ?’ ಎಂದು ಇನ್ನೊಬ್ಬ ಕೇಳುವುದು ಅದರ ಹಳೆಯ ಉದಾಹರಣೆ. ಇಂಥ ಪದ ಕನ್ನಡದಲ್ಲಿ, ಹಿಡಿದ ಕೆಲಸವನ್ನು ಕೈಬಿಡದ ಮನಸ್ಸಿನ ಹೆಸರಾಯಿತು. ನಮ್ಮ ಹಿರಿಯರು ಮಾಡಿದ ಈ ಬದಲಾವಣೆ ನನಗೆ ಬಹಳ ಪ್ರಿಯವಾದದ್ದು.

941ರಲ್ಲಿ ಕವಿ ಪಂಪ ಮಹಾಭಾರತದ ವೀರರ ಒಂದೊಂದು ಗುಣವನ್ನು ಹೆಸರಿಸುವಾಗ ಛಲವನ್ನು ಕೊಟ್ಟದ್ದು ದುರ್ಯೋಧನನಿಗೆ. ರನ್ನನ ದುರ್ಯೋಧನನಿಗಂತೂ ರಾಜ್ಯಕ್ಕಿಂತ ಛಲವೇ ದೊಡ್ಡದು. ಆ ಕಾಲಕ್ಕೆ ಅದು ರಣರಂಗದ ಪದ. ರಾಜರು ‘ಛಲದಂಕಕಾರ’ ಎಂಬ ಬಿರುದು ಹೊತ್ತು ಮೆರೆದರು. ವಚನಕಾಲಕ್ಕೆ ಅದು ಮನೆಯೊಳಕ್ಕೆ ಬಂತು. ಬಸವಣ್ಣನವರು ಈ ಪದದ ಸುತ್ತಲೇ ಒಂದು ವಚನ ಕಟ್ಟಿದ್ದಾರೆ. ಅಲ್ಲಿ ಇತರರ ಸೊತ್ತಿಗೆ ಆಸೆಪಡದಿರುವುದೇ ಛಲ. ಗೆಲ್ಲಲು ಯಾರೂ ಎದುರಿಗಿಲ್ಲ, ಇರುವುದು ತನ್ನದೇ ಮನಸ್ಸು.

ಆದರೂ ಹೆಚ್ಚಿನವರಿಗೆ ಈ ಪದ ಪರಿಚಯವಾದದ್ದು ‘ಚಂದಮಾಮ’ದ ಬೇತಾಳ ಕತೆಗಳಿಂದ. ಛಲ ಬಿಡದ ತ್ರಿವಿಕ್ರಮ ಮತ್ತೆ ಮರದ ಬಳಿಗೆ ಬರುತ್ತಾನೆ, ಶವವನ್ನು ಇಳಿಸಿ ಹೆಗಲಿಗೇರಿಸುತ್ತಾನೆ, ಸ್ಮಶಾನದತ್ತ ನಡೆಯುತ್ತಾನೆ. ದಾರಿಯುದ್ದಕ್ಕೂ ಅವನು ಮೌನವಾಗಿರಬೇಕು, ಆದರೆ ಶವದೊಳಗಿನ ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ, ಹೇಳಿದರೆ ಮೌನ ಮುರಿದು ಶವ ಮರಕ್ಕೆ ಹಾರುತ್ತದೆ. ಚಿಕ್ಕಂದಿನಲ್ಲಿ ಓದುವಾಗ ಇದರ ಕಷ್ಟ ಹೊಳೆಯುವುದಿಲ್ಲ. ಅವನು ಮೊದಲಿನ ಜಾಗಕ್ಕೆ ಮರಳುವುದು ಸೋತದ್ದಕ್ಕಲ್ಲ, ಸರಿಯಾದ ಉತ್ತರ ಕೊಟ್ಟದ್ದಕ್ಕೆ! ದಿನನಿತ್ಯದ ಬದುಕಿನ ಬಹುಪಾಲು ಕೆಲಸಗಳು ಹೀಗೇ ಇವೆ. ಇವತ್ತು ಚೆನ್ನಾಗಿ ಅಡುಗೆ ಮಾಡಿದವಳಿಗೂ ನಾಳೆ ಒಲೆ ಹಚ್ಚುವುದು ತಪ್ಪದು. ಇಂದಿನ ಪಾಠ ಅರ್ಥವಾದ ಹುಡುಗನನ್ನು ನಾಳೆ ಇನ್ನೂ ಕಠಿಣವಾದದ್ದು ಕಾಯುತ್ತಿರುತ್ತದೆ. ಸೋಲಿನಿಂದ ಎದ್ದವರ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸರಿಯಾಗಿ ಮಾಡಿಯೂ ಮತ್ತೆ ಮೊದಲಿನಿಂದ ತೊಡಗುವವರ ದಣಿವನ್ನು ಗುರುತಿಸುವವರು ಕಡಿಮೆ.

ಗಾಯಕಿ ಗಂಗೂಬಾಯಿ ಹಾನಗಲ್ ಅವರದು ಇಂಥ ಛಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿಯುತ್ತಿದ್ದರು. ಗುರುಗಳು ಹೆಚ್ಚು ರಾಗ ಕೊಡುವವರಲ್ಲ. ಕೊಟ್ಟಷ್ಟನ್ನೇ ಮತ್ತೆ ಮತ್ತೆ ಹಾಡಿಸುವವರು. ಒಂದು ಪಲುಕು ಸರಿಹೋದರೂ ಅದರಲ್ಲೇ ಇನ್ನಷ್ಟು ದುಡಿಯಬೇಕಿತ್ತು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿಯೇ ಬದಲಾದಾಗ ಅವರು ಹಾಡು ನಿಲ್ಲಿಸಲಿಲ್ಲ. ಗಡಸಾದ ಆ ಹೊಸ ದನಿಯೇ ಅವರ ಗುರುತಾಯಿತು.

ಛಲದ ಪಕ್ಕದಲ್ಲೇ ‘ಹಠ’ವಿದೆ, ‘ಸ್ಫೂರ್ತಿ’ಯೂ ಇದೆ. ಹಠ ಹಿಡಿದ ಮಗುವಿಗೆ ಬೇಕಾದದ್ದು ಈಗಲೇ ಬೇಕು. ಸ್ಫೂರ್ತಿಗಾಗಿ ಈಗ ಮೊಬೈಲಿನಲ್ಲಿ ವಿಡಿಯೋಗಳ ಸಾಲೇ ಇದೆ. ನೋಡಿದಾಗ ಮೈ ಜುಮ್ಮೆನ್ನುತ್ತದೆ, ಬೆಳಗಾದರೆ ಇಳಿದಿರುತ್ತದೆ. ಛಲಕ್ಕೆ ಆ ಜುಮ್ಮು ಬೇಕಿಲ್ಲ, ಮನಸ್ಸಿಲ್ಲದ ದಿನವೂ ಅದು ನಡೆಯುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳು ಈ ಪದವನ್ನು ಹೆಚ್ಚು ಅಂಕ ಪಡೆದವರಿಗೆ ಧಾರಾಳವಾಗಿ ಕೊಡುತ್ತವೆ. ಕೊಡಲಿ, ಅವರೂ ದುಡಿದವರೇ. ಆದರೆ 2024ರಿಂದ ನಮ್ಮಲ್ಲಿ ಪರೀಕ್ಷೆ–2 ಎಂಬ ಮರು ಅವಕಾಶವೂ ಇದೆ. ಗೆಳತಿಯರೆಲ್ಲ ಕಾಲೇಜಿನ ಅರ್ಜಿ ತುಂಬುತ್ತಿರುವಾಗ, ಗಣಿತದ ಅದೇ ಹಳೆಯ ಪುಸ್ತಕ ತೆರೆದು ಮೊದಲ ಅಧ್ಯಾಯದಿಂದ ಲೆಕ್ಕ ಬಿಡಿಸುತ್ತಾ ಎರಡನೆಯ ಪರೀಕ್ಷೆಗೆ ಹೊರಟ ಹುಡುಗಿಯ ಫೋಟೊದ ಕೆಳಗೂ ಒಮ್ಮೆ ಆ ಪದವನ್ನು ಅಚ್ಚು ಹಾಕಿ ಎಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ.