ಬಾಳೆಯೊಳಗೇ ಅಡಗಿರುವ ವೈರಾಣುವೂ ವಂಶವಾಹಿ ತಿದ್ದುಪಡಿಯೂ

ಬೆಳೆಗಳಿಗೆ ತಗಲುವ ವೈರಾಣು ರೋಗಗಳಿಗೆ ಔಷಧವಿಲ್ಲ. ರೋಗ ಹರಡುವ ಕೀಟವನ್ನು ಕೊಲ್ಲಬಹುದು, ರೋಗ ಬಂದ ಗಿಡವನ್ನು ಕಿತ್ತು ಸುಡಬಹುದು, ಗುಣಪಡಿಸಲಾಗದು. ಆದುದರಿಂದಲೇ ನಿರೋಧಕ ತಳಿಗಳಿಗೆ ಅಷ್ಟೊಂದು ಮಹತ್ವ. ಆದರೆ ವೈರಾಣುವು ಗಿಡದ ವರ್ಣತಂತುವಿನಲ್ಲಿಯೇ ಮನೆಮಾಡಿಕೊಂಡಿದ್ದರೆ ಏನು ಮಾಡುವುದು? ಬಾಳೆಯ ಸ್ಟ್ರೀಕ್ ವೈರಾಣುವಿನದು ಇಂತಹ ವಿಚಿತ್ರ ಪ್ರಸಂಗ.

ನಾವು ತಿನ್ನುವ ಬಾಳೆಗಳ ಮೂಲ ಬಹುಮಟ್ಟಿಗೆ ಮ್ಯೂಸಾ ಅಕ್ಯುಮಿನಾಟ, ಮ್ಯೂಸಾ ಬಾಲ್ಬಿಸಿಯಾನ ಎಂಬ ಎರಡು ಕಾಡುಬಾಳೆಗಳು. ಇವುಗಳ ವಂಶವಾಹಿ ಸಮೂಹಗಳನ್ನು ಕ್ರಮವಾಗಿ 'ಎ' ಮತ್ತು 'ಬಿ' ಎನ್ನುತ್ತಾರೆ. ಏಲಕ್ಕಿ ಬಾಳೆ 'ಎಬಿ', ನಂಜನಗೂಡಿನ ರಸಬಾಳೆ 'ಎಎಬಿ', ಪಚ್ಚಬಾಳೆ ಕೇವಲ 'ಎಎಎ'. (ರಸಬಾಳೆಯನ್ನು ಕಾಡಿದ ಪನಾಮಾ ಸೊರಗು ರೋಗ ಶಿಲೀಂಧ್ರದ್ದು, ಅದು ಬೇರೆಯ ಕಥೆ.) ಬರವನ್ನು ತಾಳುವ ಗುಣ 'ಬಿ' ಕಡೆಯಿಂದ ಬಂದದ್ದು. ಆದರೆ ಅದರ ಜೊತೆಯಲ್ಲಿಯೇ ಸ್ಟ್ರೀಕ್ ವೈರಾಣುವಿನ ಡಿಎನ್‌ಎ ಕೂಡ ಬರುವುದುಂಟು. ವಹಿವಾಟಿಲ್ಲದ ಖಾತೆಯಂತೆ ಅದು ಸುಮ್ಮನೆ ಬಿದ್ದಿರುತ್ತದೆ; ನೀರಿನ ಅಭಾವ, ಉಷ್ಣತೆಯ ಏರಿಳಿತ, ಅಂಗಾಂಶ ಕೃಷಿ ಅಥವಾ ತಳಿ ಸಂಕರಣದ ಸಂದರ್ಭದಲ್ಲಿ ಎಚ್ಚೆತ್ತು ಎಲೆಗಳ ಮೇಲೆ ಹಳದಿ ಗೆರೆಗಳಾಗಿ ಕಾಣಿಸಿಕೊಳ್ಳುತ್ತದೆ. ಈ ಭಯದಿಂದಲೇ ತಳಿತಜ್ಞರು ಗಟ್ಟಿಮುಟ್ಟಾದ 'ಬಿ' ಬಾಳೆಗಳನ್ನು ಸಂಕರಣಕ್ಕೆ ಬಳಸಲು ಹಿಂಜರಿಯುತ್ತಿದ್ದರು. ಬಾಳೆಯೇ ಊಟವಾಗಿರುವ ಆಫ್ರಿಕಾದ ನಾಡುಗಳಿಗೆ ಇದು ಸಣ್ಣ ನಷ್ಟವಲ್ಲ.

ಇಲ್ಲಿ ನೆರವಿಗೆ ಬಂದದ್ದು 'ಕ್ರಿಸ್ಪರ್' ಎಂಬ ಆಣ್ವಿಕ ಕತ್ತರಿ. ಡಿಎನ್‌ಎಯನ್ನು ಬೇಕಾದ ಜಾಗದಲ್ಲಿಯೇ ಕತ್ತರಿಸುವ ಈ ಉಪಾಯವನ್ನು 2012ರಲ್ಲಿ ತೋರಿಸಿಕೊಟ್ಟ ಎಮ್ಯಾನುಯೆಲ್ ಶಾರ್ಪೆಂಟಿಯೇ ಹಾಗೂ ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ನೈರೋಬಿಯಲ್ಲಿ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಲೀನಾ ತ್ರಿಪಾಠಿ ಅವರ ತಂಡವು 'ಗೊಂಜ ಮಂಜಾಯ' ಎಂಬ 'ಎಎಬಿ' ತಳಿಯಲ್ಲಿ ಹುದುಗಿದ್ದ ವೈರಾಣುವಿನ ಮೂರೂ ವಂಶವಾಹಿ ಭಾಗಗಳನ್ನು ಈ ಕತ್ತರಿಯಿಂದ ಕೆಡಿಸಿತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನೀರಿಲ್ಲದೆ ಬಾಡಿಸಿದಾಗಲೂ ತಿದ್ದಿದ ಗಿಡಗಳಲ್ಲಿ ಶೇ. 75ರಷ್ಟು ರೋಗಲಕ್ಷಣ ತೋರಲಿಲ್ಲ.

ಅದೇ ವರ್ಷ ಮರಗೆಣಸಿನ ಮೊಸಾಯಿಕ್ ವೈರಾಣುವಿನ ಮೇಲೆ ನಡೆದ ಪ್ರಯೋಗವು ವಿಫಲವಾಯಿತು; ವೈರಾಣು ರೂಪ ಬದಲಿಸಿ ಕತ್ತರಿಯಿಂದ ತಪ್ಪಿಸಿಕೊಂಡಿತು. ಇದನ್ನು ಮುಂದಿಟ್ಟು ಬಾಳೆಯ ಪ್ರಯೋಗವನ್ನೂ ಅನುಮಾನಿಸುವುದು ಸರಿಯೆನಿಸದು. ಮರಗೆಣಸಿನಲ್ಲಿ ಕತ್ತರಿ ಎದುರಿಸಿದ್ದು ಹೊರಗಿನಿಂದ ನುಗ್ಗಿ ಬೆಳೆಯುತ್ತಿದ್ದ ವೈರಾಣುವನ್ನು. ಬಾಳೆಯಲ್ಲಿ ಅದು ಎಚ್ಚರಗೊಳ್ಳುವ ಮುನ್ನವೇ ಬೇರು ಕತ್ತರಿಸಲಾಗಿದೆ.

ನಿಜವಾದ ತೊಡಕು ಬೇರೊಂದಿದೆ. ಕೆಲಸ ಮುಗಿದ ಮೇಲೂ ಕತ್ತರಿಯ ವಂಶವಾಹಿ ಗಿಡದಲ್ಲಿ ಉಳಿಯುತ್ತದೆ. ಭತ್ತದಂತಹ ಬೆಳೆಯಲ್ಲಿ ಮುಂದಿನ ಪೀಳಿಗೆಯ ಬೀಜಗಳಿಂದ ಅದಿಲ್ಲದವನ್ನು ಆರಿಸಿಕೊಳ್ಳಬಹುದು. ಬಾಳೆಗೆ ಬೀಜವೆಲ್ಲಿ? ಕಂದಿನಿಂದ ಕಂದಿಗೆ ಅದೇ ಸಾಗುತ್ತದೆ. ಭಾರತ ಸರ್ಕಾರವು 2022ರ ಮಾರ್ಚ್‌ನಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ನೀಡಿರುವುದು ಅನ್ಯ ಡಿಎನ್‌ಎ ಉಳಿಯದ ತಿದ್ದುಪಡಿ ಸಸ್ಯಗಳಿಗೆ ಮಾತ್ರ. ಆದುದರಿಂದ ಕತ್ತರಿಯನ್ನು ವಂಶವಾಹಿಯ ರೂಪದಲ್ಲಲ್ಲದೆ ಸಿದ್ಧ ಪ್ರೋಟೀನಿನ ರೂಪದಲ್ಲಿಯೇ ಕೋಶದೊಳಗೆ ಕಳುಹಿಸುವ ವಿಧಾನದತ್ತ ಬಾಳೆ ಸಂಶೋಧಕರು ಗಮನ ಹರಿಸಿದ್ದಾರೆ.