ಜಾಕ್ ಲಮ್ಮಸ್: ಒಂದು ಋತುವಿನ ಆಟಗಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲನ್ನು ವೃತ್ತಿಯಾಗಿ ಆಡಿ, ಎರಡನೆಯ ಮಹಾಯುದ್ಧದಲ್ಲಿ ಮಡಿದವರ ಪೈಕಿ ಜಾಕ್ ಲಮ್ಮಸನ ಹೆಸರು ಸುಪ್ರಸಿದ್ಧವಾದುದು. ಆದರೆ ಆತನ ವೃತ್ತಿಜೀವನವು 1941ರ ಒಂದೇ ಋತುವಿಗೆ ಮುಗಿದುಹೋಯಿತು. ಇಷ್ಟು ಅಲ್ಪವಾದ ವೃತ್ತಿಯು ಇಷ್ಟು ದೀರ್ಘವಾದ ಸ್ಮರಣೆಗೆ ಪಾತ್ರವಾದುದು ಹೇಗೆ, ಆ ಸ್ಮರಣೆಯಲ್ಲಿ ದಾಖಲೆಯ ಭಾಗವೆಷ್ಟು, ಐತಿಹ್ಯದ ಭಾಗವೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಲಮ್ಮಸನು 1915ನೆಯ ಅಕ್ಟೋಬರ್ 22ರಂದು ಟೆಕ್ಸಸ್ ಸಂಸ್ಥಾನದ ಎಲ್ಲಿಸ್ ಜಿಲ್ಲೆಯಲ್ಲಿ ಹುಟ್ಟಿದನು. ಬೇಲರ್ ವಿಶ್ವವಿದ್ಯಾನಿಲಯದಲ್ಲಿ ಬೇಸ್‌ಬಾಲ್, ಫುಟ್‌ಬಾಲ್ ಎರಡರಲ್ಲಿಯೂ ಹೆಸರು ಪಡೆದು, 1941ರಲ್ಲಿ ‘ನ್ಯೂಯಾರ್ಕ್ ಜಯಂಟ್ಸ್’ ತಂಡವನ್ನು ಸೇರಿದನು. ಅಮೆರಿಕದ ಫುಟ್‌ಬಾಲು ನಮಗೆ ಪರಿಚಿತವಾದ ಕಾಲ್ಚೆಂಡಿನಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನುಗ್ಗುವ ಆಟ. ಲಮ್ಮಸನದು ಸಾಲಿನ ಕೊನೆಯಲ್ಲಿ ನಿಲ್ಲುವ ‘ಎಂಡ್’ ಎಂಬ ಸ್ಥಾನ. ಆ ಕಾಲದಲ್ಲಿ ಒಬ್ಬನೇ ಆಟಗಾರನು ಆಕ್ರಮಣ ರಕ್ಷಣೆಗಳೆರಡನ್ನೂ ನಿರ್ವಹಿಸುತ್ತಿದ್ದನು.

ಅದೇ ಡಿಸೆಂಬರ್ 7ರಂದು ಜಯಂಟ್ಸ್ ತಂಡವು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಕ್ರೀಡಾಂಗಣದಲ್ಲಿ ಬ್ರೂಕ್ಲಿನ್ ತಂಡದೊಡನೆ ಆಡುತ್ತಿರುವಾಗಲೇ ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿ ನಡೆಯಿತು. ಅದೇ ತಿಂಗಳ 21ರಂದು ಷಿಕಾಗೋ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಜಯಂಟ್ಸ್ ತಂಡವು ‘ಬೇರ್ಸ್’ ತಂಡಕ್ಕೆ 37–9ರಿಂದ ಸೋತಿತು. 1942ನೆಯ ಜನವರಿ 30ರಂದು ಲಮ್ಮಸನು ಮರೀನ್ ದಳವನ್ನು ಸೇರಿದನು. ಮತ್ತೆ ಆಟಕ್ಕೆ ಮರಳಲಿಲ್ಲ.

1945ನೆಯ ಫೆಬ್ರವರಿ 19ರಂದು ಅಮೆರಿಕದ ಸೈನ್ಯವು ಇವೋ ಜಿಮಾ ದ್ವೀಪದಲ್ಲಿ ಇಳಿಯಿತು. ಲಮ್ಮಸನು ಐದನೆಯ ಮರೀನ್ ವಿಭಾಗದ 27ನೆಯ ರೆಜಿಮೆಂಟಿನಲ್ಲಿ ಒಂದು ರೈಫಲ್ ತುಕಡಿಯ ನಾಯಕನಾಗಿದ್ದನು. ಎರಡು ಹಗಲು ಎರಡು ರಾತ್ರಿ ವಿಶ್ರಾಂತಿಯಿಲ್ಲದೆ ಹೋರಾಡಿದ ಮೇಲೆ, ಮಾರ್ಚ್ 8ರಂದು, ಗ್ರೆನೇಡಿನ ಸ್ಫೋಟಗಳಿಂದ ಗಾಯಗೊಂಡಿದ್ದರೂ ಶತ್ರುವಿನ ಮೂರು ಭದ್ರ ನೆಲೆಗಳನ್ನು ನಾಶಪಡಿಸಿ ಮುನ್ನಡೆಯುತ್ತಿರಲು, ನೆಲಬಾಂಬನ್ನು ಮೆಟ್ಟಿ ಮಾರಕವಾದ ಪೆಟ್ಟು ತಿಂದನು. ಆ ದಿನವೇ ತೀರಿಕೊಂಡನು; ವಯಸ್ಸು 29. ‘ಮೆಡಲ್ ಆಫ್ ಆನರ್’ ಎಂಬ ಸರ್ವೋಚ್ಚ ಶೌರ್ಯಪದಕವು 1946ರಲ್ಲಿ ಆತನ ತಾಯಿಯ ಕೈಸೇರಿತು.

ಪದಕದೊಡನೆ ಬಂದ ಪ್ರಶಸ್ತಿಲೇಖದಲ್ಲಿ ಫುಟ್‌ಬಾಲಿನ ಮಾತೇ ಇಲ್ಲ. ಜನರ ನೆನಪಿನಲ್ಲಾದರೋ ಮೊದಲು ನಿಲ್ಲುವುದು, ಮರಣಕಾಲದಲ್ಲಿ ಆತನು ವೈದ್ಯನಿಗೆ ಹೇಳಿದನೆನ್ನಲಾದ ಮಾತು: ಜಯಂಟ್ಸ್ ತಂಡವು ಒಬ್ಬ ಒಳ್ಳೆಯ ‘ಎಂಡ್’ ಆಟಗಾರನನ್ನು ಕಳೆದುಕೊಂಡಿತು ಎಂಬುದು ಅದರ ತಾತ್ಪರ್ಯ. ಈ ಮಾತಿಗೆ ಪಾಠಾಂತರಗಳುಂಟು; ಆದುದರಿಂದ ಒಂದು ಪಾಠವನ್ನೇ ಆತನ ನುಡಿಯೆಂದು ಸ್ಥಾಪಿಸುವುದು ಯುಕ್ತವಲ್ಲ. ಎಲ್ಲ ಪಾಠಗಳಲ್ಲಿಯೂ ತಾತ್ಪರ್ಯವು ಒಂದೇ ಆಗಿರುವುದು ಮಾತ್ರ ಗಮನಾರ್ಹ. ಮೂರು ವರ್ಷಕ್ಕೂ ಮಿಕ್ಕಿ ಸೈನಿಕನಾಗಿದ್ದವನು ಕೊನೆಯಲ್ಲಿ ತನ್ನನ್ನು ಆಟಗಾರನೆಂದು ಕರೆದುಕೊಂಡನೆಂದು ಅವನ್ನು ಹೇಳಿದವರೆಲ್ಲರೂ ನಂಬಿದ್ದರು.

ಇದೇ ಪದಕವನ್ನು ಪಡೆದ ಮತ್ತೊಬ್ಬ ವೃತ್ತಿಪರ ಆಟಗಾರನಾದ ಮಾರಿಸ್ ಬ್ರಿಟ್ಟನು 1941ರ ಋತುವೊಂದರಲ್ಲಿ ಮಾತ್ರ ಡೆಟ್ರಾಯಿಟ್ ತಂಡಕ್ಕೆ ಆಡಿದನು. ಅವನ ಸ್ಥಾನವೂ ‘ಎಂಡ್’. 1943ರಲ್ಲಿ ಇಟಲಿಯಲ್ಲಿ ಪದಕಕ್ಕೆ ಅರ್ಹನಾಗಿ, 1944ರಲ್ಲಿ ಆನ್ಸಿಯೋ ರಣರಂಗದಲ್ಲಿ ಬಲಗೈಯನ್ನು ಕಳೆದುಕೊಂಡನು. ಆದರೂ ಬದುಕಿ, 1967ರಿಂದ 1971ರವರೆಗೆ ಆರ್ಕನ್ಸಾ ಸಂಸ್ಥಾನದ ಉಪರಾಜ್ಯಪಾಲನಾಗಿದ್ದು, 1995ರಲ್ಲಿ ತೀರಿಕೊಂಡನು. ಅವನಿಗೆ ಆಟವು ದೀರ್ಘಜೀವನದ ಒಂದು ಅಧ್ಯಾಯವಾಯಿತು. ಲಮ್ಮಸನಿಗೆ ಆಟದ ಮುಂದೆ ಯುದ್ಧವಲ್ಲದೆ ಬೇರೆ ಅಧ್ಯಾಯವೇ ಬರಲಿಲ್ಲ. ಆ ಋತುವಿನ ಅಂಕಗಳನ್ನಷ್ಟೇ ಎಣಿಸುವವನಿಗೆ ಇವರಿಬ್ಬರ ಭೇದವು ಕಾಣದು. ಪ್ರಶಸ್ತಿಲೇಖವು ಲಮ್ಮಸನು ಮಾಡಿದ ಕಾರ್ಯಕ್ಕೆ ಸಾಕ್ಷಿ. ಐತಿಹ್ಯವು ಆತನು ಬಿಟ್ಟುಹೋದ ಬಾಳಿಗೆ ಸಾಕ್ಷಿ. ಚರಿತ್ರಕಾರನು ಎರಡನ್ನೂ ಬೆರಸದೆ, ಒಂದನ್ನೂ ಬಿಡದೆ ಸ್ವೀಕರಿಸತಕ್ಕದ್ದು.